ಚೀಟಿ ಕಟ್ಟಿದ ಕ್ಯಾಮೆರಾ

ದೇವದುರ್ಗದಲ್ಲಿ ನಮ್ಮ ಮನೆಯವರ ಫೋಟೊ ಸ್ಟುಡಿಯೊ ಇತ್ತು. ಸ್ಟುಡಿಯೊ ಎಂದರೆ ಮನೆಯ ಪಡಸಾಲೆ, ಅದರ ಗೋಡೆಯ ಮೇಲೆ ಅವರೇ ಬರೆದ ಒಂದು ಸರೋವರ, ಸರೋವರದಲ್ಲಿ ಎರಡು ಬಾತುಕೋಳಿ. ಅವು ಬಾತುಕೋಳಿಗಳೆಂದು ಮದುವೆಯಾದ ಹೊಸದರಲ್ಲಿ ಅವರೇ ನನಗೆ ಹೇಳಬೇಕಾಯಿತು.

ಅವರಲ್ಲಿದ್ದದ್ದು ಕೆಲಸ ಕಲಿಸಿದ ಗುರುಗಳು ಬಿಟ್ಟುಹೋದ ಹಳೆಯ ಪೆಟ್ಟಿಗೆ ಕ್ಯಾಮೆರಾ. ಅದರ ಮುಂದಿನ ಭಾಗ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿತ್ತು. ಒಂದು ಮಡಿಕೆಯಲ್ಲಿ ತೂತು ಬಿದ್ದು, ಅಲ್ಲಿಂದ ನುಗ್ಗಿದ ಬೆಳಕು ಪ್ರತಿ ಫೋಟೊದ ಬಲಗಡೆ ಬಿಳಿ ಮಂಜಿನ ಹಾಗೆ ಮೂಡುತ್ತಿತ್ತು. ಗಿರಾಕಿಗಳು ಕೇಳಿದರೆ, ಅದು ಮುಖದ ಕಳೆ, ಎಲ್ಲರಿಗೂ ಬರುವುದಿಲ್ಲ ಎನ್ನುತ್ತಿದ್ದರು. ಜನ ಖುಷಿಪಟ್ಟು ಒಯ್ಯುತ್ತಿದ್ದರು. ಒಮ್ಮೆ ಮಸರಕಲ್ಲಿನ ಕೆಲವು ರೈತರು ತಮ್ಮ ಮಠದ ಗುರುಗಳನ್ನು ಗಾಡಿಯಲ್ಲಿ ಕರೆತಂದು ಫೋಟೊ ತೆಗೆಸಿದರು. ಕಳೆ ಗುರುಗಳನ್ನು ಬಿಟ್ಟು, ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಆಳಿನ ತಲೆಯ ಸುತ್ತ ಬಂತು. ರೈತರು ಫೋಟೊ ಒಯ್ಯಲಿಲ್ಲ. ಎರಡು ದಿನ ಬಿಟ್ಟು ಆ ಆಳು ಒಬ್ಬನೇ ಬಂದು ಅದನ್ನು ಕೇಳಿ ಇಸಿದುಕೊಂಡು ಹೋದ.

ಆಮೇಲೆಯೇ ನಮ್ಮ ಮನೆಯವರು ಬೇರೆ ಕ್ಯಾಮೆರಾದ ಮಾತೆತ್ತಿದ್ದು. ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ರಾಯಚೂರಿನ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ಸಾಹೇಬರಿದ್ದರು. ಸ್ಟುಡಿಯೊದವರು, ಪತ್ರಿಕೆಯವರು ಬಳಸಿ ಬಿಟ್ಟ ದೊಡ್ಡ ಕ್ಯಾಮೆರಾಗಳನ್ನು ಕೊಂಡು, ಕೊನೆಯ ತಿರುಪಿನವರೆಗೆ ಬಿಚ್ಚಿ, ತೊಳೆದು, ಹೊಸ ಸ್ಪ್ರಿಂಗು ಹಾಕಿ ಮಾರುತ್ತಿದ್ದರು. ನಾವಿಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ನನ್ನನ್ನು ಕರೆದೊಯ್ದದ್ದು ಚೌಕಾಸಿಗೆ. ಬಳೆಗಾರನ ಜೊತೆ ನಾನು ವಾದಿಸುವುದನ್ನು ಅವರು ನೋಡಿದ್ದರು.

ಅಂಗಡಿಯ ಬಾಗಿಲಿಗೆ ಒಂದು ಆಡನ್ನು ಕಟ್ಟಿದ್ದರು. ಒಳಗೆ ಪ್ರತಿ ಕ್ಯಾಮೆರಾದ ಕೊರಳಿಗೂ ದಾರದಲ್ಲಿ ಒಂದು ಚೀಟಿ. ಅದರಲ್ಲಿ ಸಾಹೇಬರು ಸೊಟ್ಟ ಅಕ್ಷರದಲ್ಲಿ ತಾವು ಮಾಡಿದ ರಿಪೇರಿಯನ್ನೂ ಇನ್ನೂ ಉಳಿದ ದೋಷವನ್ನೂ ಬರೆದಿದ್ದರು. ಒಂದರ ಮೇಲೆ ಒಂದು ಎರಡು ಗಾಜಿನ ಕಣ್ಣಿದ್ದ, ಮೇಲಿನಿಂದ ಬಗ್ಗಿ ನೋಡುವ ಒಂದು ಕ್ಯಾಮೆರಾದ ಚೀಟಿಯನ್ನು ನಾನು ಓದಿದೆ. ಅದು ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಕಟ್ಟುವ ಕೆಲಸದ ಫೋಟೊ ತೆಗೆದದ್ದಂತೆ. ಒಳಗೆ ಸಿಮೆಂಟ್ ಧೂಳಿತ್ತು, ತೆಗೆದಿದೆ. ಮೇಲಿನ ಚರ್ಮ ಹೊಸದು. ಗಾಜಿನ ಅಂಚಿನಲ್ಲಿ ಗೀರಿದೆ, ಫೋಟೊದಲ್ಲಿ ಕಾಣದು. ಒಂದು ಸೆಕೆಂಡಿಗೆ ಇಟ್ಟರೆ ಕಣ್ಣಿನ ಮುಚ್ಚಳ ಒಂದೂವರೆ ಸೆಕೆಂಡು ತೆರೆದಿರುತ್ತದೆ, ಅದು ನನ್ನಿಂದ ಸರಿಯಾಗಲಿಲ್ಲ ಎಂದಿತ್ತು ಚೀಟಿ.

ನಮ್ಮ ಮನೆಯವರು ನನ್ನ ಕಿವಿಯ ಹತ್ತಿರ ಬಂದು, "ಇಷ್ಟೆಲ್ಲಾ ತಾನಾ ಹೇಳ್ತಾನಂದ್ರ, ಹೇಳಲಾರದ್ದು ಇನ್ನೆಷ್ಟು ಇರಬೇಕು?" ಎಂದರು. ಕಳೆಯ ವ್ಯಾಪಾರ ಮಾಡಿದವರಿಗೆ ಚೀಟಿಯ ವ್ಯಾಪಾರ ಅರ್ಥವಾಗುವುದು ಕಷ್ಟವೇ.

ಸಾಹೇಬರು ಆ ಕ್ಯಾಮೆರಾವನ್ನು ಅವರ ಕೊರಳಿಗೆ ಹಾಕಿ, ಹೊರಗಿನ ಆಡನ್ನು ಕ್ಯಾಮೆರಾದ ಗಾಜಿನ ನಡುವಿಗೆ ತಂದು ತೋರಿಸಲು ಹೇಳಿದರು. ಆ ಬಗೆಯ ಕ್ಯಾಮೆರಾದಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಆಡು ಎಡಕ್ಕೆ ಸರಿದರೆ ನಮ್ಮವರು ಬಲಕ್ಕೆ ಓಡಿದರು. ಅದು ಮೇವು ತಿನ್ನುತ್ತ ನಿಂತಲ್ಲೇ ನಿಂತರೂ ಇವರು ತಲೆ ತಗ್ಗಿಸಿಕೊಂಡು ಗಲ್ಲಿಯ ತುದಿಯವರೆಗೆ ಹೋಗಿ, ನೀರಿನ ಕೊಡ ಹೊತ್ತ ಹೆಂಗಸೊಬ್ಬರಿಗೆ ಡಿಕ್ಕಿ ಹೊಡೆದು ಬೈಸಿಕೊಂಡು ಬಂದರು. ನಾನು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಸಾಹೇಬರು ಅದನ್ನು ಕಂಡು ಕ್ಯಾಮೆರಾ ನನ್ನ ಕೈಗೆ ಕೊಟ್ಟರು. ಬಗ್ಗಿ ನೋಡಿದೆ. ಗಾಜಿನ ಮೇಲೆ ಆಡು, ಅದರ ಗಡ್ಡ, ಬಾಯಲ್ಲಿದ್ದ ಹುಲ್ಲಿನ ಕಡ್ಡಿ. ಅದು ಅಲುಗಿದಂತೆ ನನ್ನ ಕೈಯೂ ಅಲುಗಿತು. ಆಡು ನಡುವಿನಲ್ಲೇ ಉಳಿಯಿತು.

"ದಿನಾ ಕನ್ನಡಿ ಮುಂದ ನಿಂತು ಬೈತಲಿ ತಗಿಯೋರಿಗೆ ಇದು ಲಗೂನ ಬರ್ತದಮ್ಮಾ," ಎಂದರು ಸಾಹೇಬರು.

ಎಂಟು ದಿನ ಬಳಸಿ ನೋಡಿ, ತೆಗೆದ ಫೋಟೊಗಳ ನೆಗೆಟಿವ್ ತಂದು ತೋರಿಸಬೇಕು, ಸರಿಬರದಿದ್ದರೆ ವಾಪಸ್ ಕೊಡಬಹುದು ಎಂಬುದು ಅವರ ಕರಾರು. ಅಷ್ಟು ನೇರ ಮನುಷ್ಯನ ಮುಂದೆ ನನ್ನ ಚೌಕಾಸಿ ಬಾಯಲ್ಲೇ ಉಳಿಯಿತು. ಬಸ್ಸಿನಲ್ಲಿ ನಮ್ಮ ಮನೆಯವರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬಹಳ ನಾಜೂಕಿನ ಯಂತ್ರ, ಹೆಣ್ಣುಮಕ್ಕಳು ಮುಟ್ಟಿದರೆ ಕೆಡುತ್ತದೆ ಎಂದು ದೇವದುರ್ಗ ಬರುವತನಕ ವಿವರಿಸಿದರು.

ಅದೇ ವಾರ ಮಾನ್ವಿಯಲ್ಲಿ ಅಕ್ಕಿ ಗಿರಣಿಯವರ ಮನೆಯ ಮದುವೆ. ಅಂಥ ದೊಡ್ಡ ಮನೆಯಿಂದ ಕರೆ ಬಂದದ್ದು ಅದೇ ಮೊದಲು. ಚೀಲ ಹಿಡಿಯಲು ನಾನೂ ಹೋದೆ. ಬೆಳಗ್ಗೆಯಿಂದ ನಮ್ಮವರು ಚಪ್ಪರದಲ್ಲಿ ಎಡಕ್ಕೂ ಬಲಕ್ಕೂ ಓಡಾಡಿದ್ದೇ ಓಡಾಡಿದ್ದು. ಮದುಮಗ ಒಂದು ಕಡೆ ಇದ್ದರೆ ಇವರು ಇನ್ನೊಂದು ಕಡೆ ಬಾಳೆಕಂಬದ ಎದುರು ಬಗ್ಗಿ ನಿಂತಿರುತ್ತಿದ್ದರು. ಸಾಲದ್ದಕ್ಕೆ ಫ್ಲ್ಯಾಶಿನ ಬ್ಯಾಟರಿಯೂ ಮುಗಿಯಿತು. ಹಿಂದಿನ ದಿನ ನೆರೆಹೊರೆಯವರಿಗೆಲ್ಲ ಅದನ್ನು ಮಿಂಚಿಸಿ ತೋರಿಸಿದ್ದರಲ್ಲ.

ಅಷ್ಟರಲ್ಲಿ ಒಳಮನೆಯಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವ ಶಾಸ್ತ್ರ ಶುರುವಾಯಿತು. ನಮ್ಮವರು ಒಳಗೆ ಕಾಲಿಡುತ್ತಿದ್ದಂತೆ ಗಿರಣಿಯವರ ತಾಯಿ ಬಾಗಿಲಿಗೆ ಅಡ್ಡ ಬಂದರು. ಎಂಬತ್ತರ ಹತ್ತಿರದ ಮುದುಕಿ.

"ಗಂಡಸರು ಒಳಗ ಬ್ಯಾಡ್ರಿ. ಅದನ್ನ ಆಕಿ ಕೈಯಾಗ ಕೊಡ್ರಿ."

"ಆಕಿಗೆ ಬರಂಗಿಲ್ರಿ ಯವ್ವಾ," ಎಂದರು ನಮ್ಮ ಮನೆಯವರು.

"ನಿಮಗೆಷ್ಟು ಬರ್ತದ ಅನ್ನೋದು ನಾ ಮುಂಜಾನಿಂದ ನೋಡಾಕತ್ತೀನಿ."

ಅವರು ಕ್ಯಾಮೆರಾ ಕೊಟ್ಟರು. ಕೊಡುವಾಗ ಅವರ ಮುಖ ನೋಡಲಾಗದೆ ನಾನು ಒಳಗೆ ನಡೆದೆ.

ಒಳಮನೆಯಲ್ಲಿ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲಕೋಲು ಮದುಮಗಳ ಹತ್ತಿರ ಬಿದ್ದಿತ್ತು. ಎರಡು ವರ್ಷ ಕತ್ತಲೆಕೋಣೆಯಲ್ಲಿ ಅವರ ಫೋಟೊ ತೊಳೆದು ಒಣಗಿಸಿದ್ದೆ. ಯಾವ ಫೋಟೊ ಏಕೆ ಕೆಟ್ಟಿತೆಂದು ಅವರು ಗೊಣಗಿದ್ದನ್ನೆಲ್ಲ ಕೇಳಿದ್ದೆ. ಇಷ್ಟು ಕಡಿಮೆ ಬೆಳಕಿಗೆ ಒಂದು ಸೆಕೆಂಡು ಬೇಕು ಎನ್ನಿಸಿತು. ಈ ಕ್ಯಾಮೆರಾದ ಒಂದು ಸೆಕೆಂಡು ಒಂದೂವರೆ ಎಂದು ಚೀಟಿಯಲ್ಲಿ ಓದಿದ್ದು ನೆನಪಿತ್ತು. ಆ ಅರ್ಧ ಸೆಕೆಂಡನ್ನು ಲೆಕ್ಕಕ್ಕೆ ಹಿಡಿದು, ಬೆಳಕು ಒಳಗೆ ಬಿಡುವ ಕಿಂಡಿಯನ್ನು ತುಸು ಕಿರಿದು ಮಾಡಿದೆ. ಕೈ ನಡುಗಬಾರದೆಂದು ಕ್ಯಾಮೆರಾವನ್ನು ಅಕ್ಕಿ ಚೀಲದ ಮೇಲೆ ಒತ್ತಿ ಕೂರಿಸಿದೆ. ಎಲ್ಲರೂ ಒಂದು ಗಳಿಗೆ ಉಸಿರು ಹಿಡಿಯಿರಿ ಎಂದೆ. ನಗುತ್ತ ಗದ್ದಲ ಮಾಡುತ್ತಿದ್ದ ಅಷ್ಟೂ ಹೆಂಗಸರು ಸುಮ್ಮನಾದರು. ನಾನು ಗುಂಡಿ ಒತ್ತಿದೆ.

ಮನೆಗೆ ಬಂದು ಫಿಲ್ಮು ತೊಳೆದೆವು. ಅವರು ತೆಗೆದವುಗಳಲ್ಲಿ ಬಾಳೆಕಂಬಗಳು ಬಹಳ ಚೆನ್ನಾಗಿ ಬಂದಿದ್ದವು. ಮದುಮಗ ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಬಾಸಿಂಗ ಮಾತ್ರ. ನಾನು ತೆಗೆದ ಐದರಲ್ಲಿ ಒಂದು ಅಲುಗಿತ್ತು. ಉಳಿದ ನಾಲ್ಕರಲ್ಲಿ ಮದುಮಗಳ ಕೆನ್ನೆಯ ಅರಿಶಿನ ಒದ್ದೆಯಾಗಿರುವುದೂ ಕಾಣುತ್ತಿತ್ತು. ನಮ್ಮ ಮನೆಯವರು ಬಹಳ ಹೊತ್ತು ನೋಡಿದರು. ಕೊನೆಗೆ, ಕ್ಯಾಮೆರಾ ಒಳ್ಳೆಯದಿದೆ ಎಂದರು.

ಎಂಟನೆಯ ದಿನ ರಾಯಚೂರಿಗೆ ಹೋದೆವು. ನೆಗೆಟಿವ್‌ಗಳನ್ನೆಲ್ಲ ಕತ್ತರಿಸಿ, ಕಲಸಿ ಒಂದೇ ಲಕೋಟೆಯಲ್ಲಿ ಹಾಕಿದ್ದು ಅವರೇ. ಯಾವುದು ಯಾರದೆಂದು ಇನ್ನು ಗೊತ್ತಾಗುವಂತಿರಲಿಲ್ಲ. ಸಾಹೇಬರು ಒಂದು ಕಣ್ಣಿಗೆ ಭೂತಗಾಜು ಹಚ್ಚಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದರು. ಮೇಜಿನ ಮೇಲೆ ಎರಡು ಗುಂಪು ಮಾಡಿದರು. ಆಮೇಲೆ, ಇವೆರಡನ್ನೂ ತೆಗೆದದ್ದು ಒಂದೇ ಕೈಯೋ ಎಂದು ವಿಚಾರಿಸಿದರು.

ಅಂಗಡಿಯಲ್ಲಿ ಬೇರೆ ಇಬ್ಬರು ಸ್ಟುಡಿಯೊದವರೂ ಕೂತಿದ್ದರು. ನಮ್ಮವರು ಏನಾದರೊಂದು ಹೇಳಿ ಜಾರಿಕೊಳ್ಳುತ್ತಾರೆಂದು ನಾನು ಆಡಿನ ಕಡೆ ಮುಖ ತಿರುಗಿಸಿದೆ.

"ಇವು ನಮ್ಮ ಮನ್ಯಾಗಿನೋರು ತಗದಿದ್ದು," ಎಂದರು ನಮ್ಮ ಮನೆಯವರು. "ಆ ಕಡಿವು ನನ್ನವು."

ಅವತ್ತಿನಷ್ಟು ಅವರು ನನಗೆ ಯಾವತ್ತೂ ಚೆನ್ನಾಗಿ ಕಂಡಿರಲಿಲ್ಲ. ಸಾಹೇಬರಿಗೂ ಆ ಉತ್ತರ ಹಿಡಿಸಿರಬೇಕು. ಎಲ್ಲರ ಕಣ್ಣಿಗೂ ಒಂದೇ ಕ್ಯಾಮೆರಾ ಒಗ್ಗುವುದಿಲ್ಲ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ ಎಂದು ಸಮಾಧಾನ ಹೇಳಿದರು. ಕಪಾಟಿನಿಂದ ಇನ್ನೊಂದು ಕ್ಯಾಮೆರಾ ತೆಗೆದರು. ಅದರಲ್ಲಿ ಎಡದ್ದು ಎಡಕ್ಕೇ ಕಾಣುತ್ತಿತ್ತು. ನಮ್ಮ ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ತಂದುಕೊಟ್ಟರೆ ಇದನ್ನು ಕೊಡುವುದಾಗಿ ಹೇಳಿದರು. ಚೌಕಾಸಿ ಮಾಡಲು ನನಗೆ ಆಗಲೂ ಅವಕಾಶ ಸಿಗಲಿಲ್ಲ.

ಆಮೇಲೆ ಆ ಕ್ಯಾಮೆರಾದಲ್ಲಿ ಹೊರಗಿನ ಫೋಟೊ ಅವರದು, ಎರಡು ಕಣ್ಣಿನದರಲ್ಲಿ ಪಡಸಾಲೆಯ ಫೋಟೊ ನನ್ನದು ಎಂದಾಯಿತು. ಹೆಣ್ಣುಮಕ್ಕಳು ಹೆಚ್ಚು ಬರತೊಡಗಿದರು. ಹಾಸ್ಟೆಲಿನ ಅರ್ಜಿಗೆ, ಟೀಚರ್ ಟ್ರೇನಿಂಗಿನ ಅರ್ಜಿಗೆ ಅಂಟಿಸಲು ಸಣ್ಣ ಫೋಟೊ ಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಅರಕೇರಾದಿಂದ ಕೂಲಿ ಮಾಡುವ ತಾಯಿಯೊಬ್ಬಳು ಮಗಳನ್ನು ಕರೆತಂದಳು. ಅವರ ಓಣಿಯಿಂದ ಹೈಸ್ಕೂಲಿಗೆ ಹೊರಟ ಮೊದಲ ಹುಡುಗಿಯಂತೆ. ಮಗಳ ಫೋಟೊ ಮುಗಿದ ಮೇಲೂ ತಾಯಿ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಯಕ್ಕಾ, ನಾ ಈಕಿ ಬಾಜೂಕ ಕುಂತ್ರ ಫೋಟೊದಾಗ ಎಷ್ಟು ಬರ್ತೀನಿ?"

ಅರ್ಜಿಗೆ ಹುಡುಗಿಯದಷ್ಟೇ ಸಾಕಲ್ಲ ಎಂದು ನಮ್ಮ ಮನೆಯವರು ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ಅವರು ಹೋಗಿ ಒಳಗಿನಿಂದ ಇನ್ನೊಂದು ಕುರ್ಚಿ ತಂದು ಮಗಳ ಪಕ್ಕ ಹಾಕಿದರು.