ಮೊದಲ ಜಡೆ

ಹುಣಸೂರಿನಲ್ಲಿ ಆಪ್ತಸಮಾಲೋಚನೆಯ ತರಬೇತಿಗೆ ಸೇರಿದ ಹೊಸತು. ಒಂದು ದಿನ ಮೇಡಂ ನಮ್ಮ ಮುಂದೆ ಪ್ರಶ್ನೆಯಿಟ್ಟರು. ಪರೋಪಕಾರದ ಬುದ್ಧಿ ಹುಟ್ಟುತ್ತಲೇ ಬರುತ್ತದೋ, ಯಾರನ್ನಾದರೂ ನೋಡಿ ಕಲಿಯುತ್ತೇವೋ? ಪುಸ್ತಕದ್ದು ಬೇಡ, ನಿಮ್ಮ ಬದುಕಿನಿಂದ ಹೇಳಿ ಅಂದರು. ಒಬ್ಬರು ಅನ್ನದಾನದ ಮಾತೆತ್ತಿದರು, ಇನ್ನೊಬ್ಬರು ರಕ್ತದಾನದ್ದು. ನಾನು ಆಕಳಿಸುತ್ತಿದ್ದೆ. ಆಗ ಅವಳು ಎದ್ದಳು.

ಅವಳು ಊರಿನಲ್ಲಿ ನಮ್ಮ ಪಕ್ಕದ ಮನೆಯವಳು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದಳು. ಏಳನೇ ಕ್ಲಾಸು ಮುಗಿಸಿ ಅಂತರಸಂತೆಯ ಸೋದರತ್ತೆ ಮನೆಗೆ ಹೋದವಳು, ಎಷ್ಟೋ ವರ್ಷದ ಮೇಲೆ ಇದೇ ತರಬೇತಿಗೆ ಬಂದು, ನನ್ನ ಪಕ್ಕದ ಕುರ್ಚಿಯನ್ನೇ ಹಿಡಿದಿದ್ದಳು.

“ನಂಗೆ ಕಲಿಸಿದ್ದು ಪಕ್ಕದ್ಮನೆ ಅವ್ವ, ಮೇಡಂ. ದಿನಾ ಮೊದ್ಲು ನನ್ನ ತಲೆ ಬಾಚೋರು, ಆಮೇಲೆ ಸ್ವಂತ ಮಗಳದ್ದು. ಆ ಮಗಳು ಇಲ್ಲೇ ಕೂತವ್ಳೆ.”

ಎಲ್ಲರೂ ನನ್ನ ಕಡೆ ತಿರುಗಿದರು. “ಪುಣ್ಯವಂತೆ ನೀವು” ಅಂದರು ಮೇಡಂ. ನನಗೆ ಮೈಯೆಲ್ಲ ಉರಿಯಿತು.

ಅವಳು ಹೇಳಿದ್ದು ಸುಳ್ಳಲ್ಲ. ಬೆಳಿಗ್ಗೆ ಅವ್ವ ಜಗಲಿಯ ಮೇಲೆ ಅವಳನ್ನು ಕೂರಿಸಿಕೊಂಡು, ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದಳು. ನನ್ನ ಸರದಿ ಬರುವ ಹೊತ್ತಿಗೆ ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೊರಟ ಹೆಂಗಸರು ಬೀದಿಯಿಂದ ಅವ್ವನನ್ನು ಕೂಗುತ್ತಿದ್ದರು. ಅವಸರದಲ್ಲಿ ಹೆಣೆದ ನನ್ನ ಜಡೆ ಶಾಲೆಯ ಪ್ರಾರ್ಥನೆ ಮುಗಿಯುವುದರೊಳಗೇ ಬಿಚ್ಚಿಕೊಳ್ಳುತ್ತಿತ್ತು. ಅವಳದ್ದು ಸಂಜೆಯಾದರೂ ಅಲುಗುತ್ತಿರಲಿಲ್ಲ. ಅವಳ ಹಿಂದಿನ ಸಾಲಿನಲ್ಲಿ ಕೂತು ಆ ಜಡೆಗಳನ್ನೇ ನೋಡುತ್ತಿದ್ದೆ. ತಾಯಿಯಿಲ್ಲದ ಮಗು, ಒಪ್ಪಿದೆ. ಅದಕ್ಕೆ ನನ್ನ ತಾಯಿಯೇ ಆಗಬೇಕಿತ್ತೇ? ಊರಲ್ಲಿ ಬೇರೆ ಹೆಂಗಸರೇ ಇರಲಿಲ್ಲವೇ?

ತರಬೇತಿಯಲ್ಲಿ ಮಾತಾಡುವ ಸರದಿ ನನಗೆ ಬಂದಾಗ, “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಒಂದು ಗಾದೆ ಇದೆ, ಮೇಡಂ” ಅಂದು ಕೂತುಬಿಟ್ಟೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಆ ವಾರ ಊರಿಗೆ ಹೋದಾಗ ಅವ್ವನನ್ನೇ ಕೇಳಿದೆ, ಯಾಕೆ ಅವಳಿಗೇ ಮೊದಲು ಬಾಚುತ್ತಿದ್ದೆ ಎಂದು. ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

“ನಿಂದು ಮೊದ್ಲು ಬಾಚಿದ್ರೆ ಅವ್ಳದ್ದು ಬಾಚಕ್ಕೆ ಬುಡ್ತಿದ್ಯಾ ನೀನು? ಸೆರಗು ಇಡ್ಕೊಂಡು ಒಳಕ್ಕೆ ಎಳೀತಿದ್ದೆ. ನಿಂದು ಬಾಕಿ ಇದ್ರೆ ತೆಪ್ಪಗೆ ಕಾಯ್ಕೊಂಡು ಕೂತಿರ್ತಿದ್ದೆ ಕಣವ್ವ.” ಆಮೇಲೆ ಕೇಳಿದಳು, “ಈಗ ಎಂಗವ್ಳೆ? ಒಂದಿನ ಕರ್ಕೊಂಡ್ ಬಾ.”

ನನ್ನ ಹೊಟ್ಟೆಕಿಚ್ಚು ಅವ್ವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಅದರಿಂದ ಕೆಲಸ ತೆಗೆದಿದ್ದಳು.

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಊಟವಾದ ಮೇಲೆ, ಮನೆಗೆ ಬಂದ ಹೆಣ್ಣುಮಗಳನ್ನು ಬರಿದಲೆಯಲ್ಲಿ ಕಳಿಸಬಾರದೆಂದು ಅವ್ವ ಬಾಚಣಿಗೆ, ಎಣ್ಣೆ, ಹೂವು ತಂದು ಜಗಲಿಯ ಮೇಲೆ ಕೂತಳು. ನಾನು ಸರಕ್ಕನೆ ಹೋಗಿ ಅವ್ವನ ಮುಂದೆ ಬೆನ್ನು ಕೊಟ್ಟು ಕೂತೆ. ಆಗ ನಾನು ಎರಡು ಮಕ್ಕಳ ತಾಯಿ.

ಅವ್ವ ಬೆನ್ನಿಗೊಂದು ಮೆಲ್ಲಗೆ ಗುದ್ದಿದಳು. “ಏಳವ್ವ. ಬಸ್ಸಿಗೆ ಓಗೋಳಿಗೆ ಮೊದ್ಲು.”

ಎದ್ದು ಪಕ್ಕಕ್ಕೆ ಸರಿದೆ. ಅವಳು ಕೂದಲು ಬಿಚ್ಚಿ, ಕಣ್ಣು ಮುಚ್ಚಿ ಕೂತಳು. ಅವ್ವ ಎಣ್ಣೆಯ ಬಟ್ಟಲಿಗೆ ಕೈ ಚಾಚಿದಳು; ಅದು ನನ್ನ ಹತ್ತಿರವಿತ್ತು. ಹೊಟ್ಟೆ ಉರಿಯುತ್ತಲೇ ಇತ್ತು. ಬಟ್ಟಲು ಎತ್ತಿಕೊಟ್ಟೆ.