ಹಾಡಿನ ನಡುವಿನ ಮೌನ

ಶಿಲ್ಲಾಂಗಿನ ಇಯೆವ್‌ದು ಮಾರುಕಟ್ಟೆಯಲ್ಲಿ ಒಣಮೀನು ಮಾರುವ ಥ್ರಿನಾಳನ್ನು ಎಲ್ಲರೂ ‘ಕಾಂಗ್’ ಎನ್ನುತ್ತಾರೆ, ಅಂದರೆ ಅಕ್ಕ. ಅಕ್ಕಪಕ್ಕದ ಅಂಗಡಿಯ ಹೆಂಗಸರು ಬೆಳಿಗ್ಗೆ ಭಕ್ತಿಗೀತೆ ಹಾಕಿಕೊಂಡರೆ ಇವಳ ಅಂಗಡಿಯಿಂದ ಗಿಟಾರು ಕಿರುಚುತ್ತಿತ್ತು. ಊರಿನದೇ ರಾಕ್ ಬ್ಯಾಂಡ್ ‘ಲ್ಯೆರ್’. ಗಾಳಿ ಎಂದು ಅದರ ಅರ್ಥ. ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಎರವಲು ಡ್ರಮ್ ತಂದು ಬಾರಿಸುತ್ತಿದ್ದ ಆ ಹುಡುಗರನ್ನು ಮೊದಲ ಸಲ ಕೇಳಿದ್ದಳು. ಆಮೇಲೆ ಊರಲ್ಲಿ ಅವರು ಹಾಡಿದ ಒಂದು ಕಾರ್ಯಕ್ರಮವನ್ನೂ ಬಿಟ್ಟವಳಲ್ಲ. ತುಂಬು ಬಸುರಿಯಾಗಿದ್ದಾಗಲೂ ಹೋಗಿ ಸ್ಪೀಕರಿನ ಮುಂದೆ ನಿಂತಿದ್ದಕ್ಕೆ ಅವಳ ತಾಯಿ, “ಮಗು ಕಿವುಡಾಗೇ ಹುಟ್ಟೋದು, ನೋಡ್ತಿರು” ಎಂದು ಬೈದಿದ್ದಳು. ಮಗಳು ಡಾರಿಯ ಕಿವಿಗೇನೂ ಆಗಲಿಲ್ಲ. ಮಾತು ಮಾತ್ರ ಸ್ವಲ್ಪ ಜೋರು.

ಈ ಬ್ಯಾಂಡಿನ ವಿಷಯದಲ್ಲಿ ಥ್ರಿನಾಳಿಗೆ ಬಗೆಹರಿಯದ ಒಂದು ಸಂಗತಿಯಿತ್ತು. ವೇದಿಕೆಯ ಮೇಲೆ ಹಾಡುವಾಗ ಮಾತ್ರ, ‘ಸೇತುವೆಯ ಹುಡುಗಿ’ ಎಂಬ ಅವರ ಹಾಡಿನ ನಟ್ಟನಡುವೆ ಎಲ್ಲವೂ ಗಕ್ಕನೆ ನಿಂತುಬಿಡುತ್ತಿತ್ತು. ಕೆಲವೊಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಕೆಲವೊಮ್ಮೆ ಜನ ಕೆಮ್ಮಿ, ಕಾಲು ಬದಲಿಸಿ, ಅತ್ತಿತ್ತ ನೋಡುವಷ್ಟು ಹೊತ್ತು. ಮತ್ತೆ ಒಂದೇ ಏಟಿಗೆ ಎಲ್ಲವೂ ಭೋರೆಂದು ಶುರು. ಸತ್ತ ಗೆಳೆಯನೊಬ್ಬನಿಗಾಗಿ ಹಾಗೆ ನಿಲ್ಲಿಸುತ್ತಾರೆಂದು ಕೆಲವರು, ಯಾವುದೋ ಹರಕೆಯೆಂದು ಕೆಲವರು. ಥ್ರಿನಾ ಯಾವುದನ್ನೂ ನಂಬಿರಲಿಲ್ಲ. ಡ್ರಮ್ ಬಾರಿಸುವ ಹೆಸ್ಪರಸ್ ಅವಳ ಅಂಗಡಿಯ ಖಾಯಂ ಗಿರಾಕಿ. ಕೇಳಿದಾಗಲೆಲ್ಲ, “ಬ್ಯಾಂಡ್ ಮುಗೀಲಿ ಕಾಂಗ್, ಅವತ್ತು ಹೇಳ್ತೀನಿ” ಎಂದು ನಕ್ಕು ಮೀನು ಕಟ್ಟಿಸಿಕೊಂಡು ಹೋಗುತ್ತಿದ್ದ.

ಆ ದಿನವೂ ಬಂತು. ಹೆಸ್ಪರಸನ ಭುಜ ಸೋತಿತ್ತು, ಹಾಡುಗಾರ ಅರ್ವೋತನಿಗೆ ಉಸಿರು ಸಾಲುತ್ತಿರಲಿಲ್ಲ. ಐಜ್ವಾಲ್, ಕೊಹಿಮಾ, ದಿಮಾಪುರಗಳಲ್ಲಿ ವಿದಾಯ ಹಾಡಿ, ಕೊನೆಯದನ್ನು ತಮ್ಮೂರಿನ ಫುಟ್‌ಬಾಲ್ ಮೈದಾನದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲೇ ಇಟ್ಟುಕೊಂಡರು. ತಾಯಿಯ ಜೊತೆ ಹೊರಟಿದ್ದ ಡಾರಿ, ತನ್ನ ಮಗುವಿಗೆ ಜ್ವರ ಬಂದು ಮನೆಯಲ್ಲೇ ಉಳಿದಳು. ಉಳಿದ ಟಿಕೆಟ್ಟು ಥ್ರಿನಾಳ ಗಂಡ ಕ್ಲಿಸನ ಪಾಲಿಗೆ ಬಂತು. ಅವನು ಚರ್ಚಿನ ಗಾಯನವೃಂದದಲ್ಲಿ ಕೆಳಸ್ಥಾಯಿಯಲ್ಲಿ ಹಾಡುವವನು. ರಾಕ್ ಎಂದರೆ ಮುಖ ಸಿಂಡರಿಸುತ್ತಿದ್ದ.

“ಕಿವಿಗೆ ಹತ್ತಿ ಇಟ್ಕೊಂಡು ಬರ್ತೀನಿ” ಎಂದ.

“ಬಾಯಿಗೂ ಇಟ್ಕೊ ಡಾರಿ ಅಪ್ಪ. ಅಲ್ಲಿ ಬಂದು ‘ಸದ್ದು ಕಮ್ಮಿ ಮಾಡಿ’ ಅಂತ ಕೂಗಿ ನನ್ನ ಮಾನ ಕಳೀಬೇಡ.”

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನರೆತ ಕೂದಲಿನವರು ಹಳೆಯ ಕಪ್ಪು ಅಂಗಿಗಳೊಳಗೆ ಹೊಟ್ಟೆ ತೂರಿಸಿಕೊಂಡು ಬಂದಿದ್ದರು. ಕ್ಲಿಸ್ ಕೈಕಟ್ಟಿ, ಶವಸಂಸ್ಕಾರಕ್ಕೆ ಬಂದವನಂತೆ ನಿಂತಿದ್ದ. ಥ್ರಿನಾಳಿಗೆ ಅವನ ಕಡೆ ಗಮನವೇ ಇರಲಿಲ್ಲ. ‘ಸೇತುವೆಯ ಹುಡುಗಿ’ ಶುರುವಾದೊಡನೆ ಅವಳು ಹೆಸ್ಪರಸನ ಕೈಮೇಲೇ ಕಣ್ಣಿಟ್ಟಳು. ಈ ಸಲವಾದರೂ ಕಂಡುಹಿಡಿಯಬೇಕು. ಅವನ ಕೋಲು ಮೇಲೆದ್ದಿತು, ಗಾಳಿಯಲ್ಲೇ ನಿಂತಿತು. ಮೌನ. ಹಿಂದೆಂದೂ ಇಷ್ಟು ದೀರ್ಘವಾಗಿರಲಿಲ್ಲ. ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದರು.

ಆಗ ಅವಳ ಪಕ್ಕದಿಂದಲೇ, ಬಾವಿಯೊಳಗಿಂದ ಬಂದಂತಹ ಗಟ್ಟಿ ದನಿಯೊಂದು ಹಾಡಿನ ಮುಂದಿನ ಸಾಲನ್ನು ಎತ್ತಿಕೊಂಡಿತು.

ಕ್ಲಿಸ್! ಅಲ್ಲಿ ಸುಮ್ಮನಿರಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಚರ್ಚಿನಲ್ಲಿ ಹಾಡುವಂತೆ ನಿಧಾನವಾಗಿ, ಎದೆ ತುಂಬಿ ಹಾಡುತ್ತಿದ್ದ. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಥ್ರಿನಾ ನಾಚಿಕೆಯಿಂದ ಅವನ ತೋಳು ಚಿವುಟುವಷ್ಟರಲ್ಲಿ ಹಿಂದಿನಿಂದ ಇನ್ಯಾರೋ ದನಿಗೂಡಿಸಿದರು, ಆಮೇಲೆ ಮೈದಾನಕ್ಕೆ ಮೈದಾನವೇ ಹಾಡಿತು. ವೇದಿಕೆಯ ಮೇಲೆ ಅರ್ವೋತ್ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಸಾಲು ಮುಗಿದ ಮೇಲೆಯೇ ಹೆಸ್ಪರಸನ ಕೋಲು ಕೆಳಗಿಳಿದದ್ದು.

ಕಾರ್ಯಕ್ರಮ ಮುಗಿದೊಡನೆ ಬ್ಯಾಂಡಿನವರಿಂದ ಇಬ್ಬರಿಗೂ ಕರೆ ಬಂತು. ವೇದಿಕೆಯ ಹಿಂದೆ ಅರ್ವೋತ್ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಕುಳಿತಿದ್ದ. “ಯಾರಪ್ಪಾ ಇದು, ಕೊನೇ ದಿನ ಬಂದು ನನ್ನ ಕೆಲಸ ಕಿತ್ಕೊಂಡೋನು?” ಎಂದು ನಗುತ್ತ ಕ್ಲಿಸನ ಕೈ ಹಿಡಿದು ಕುಲುಕಿದ.

“ತಪ್ಪಾಯ್ತು ಬಾಹ್” ಎಂದ ಕ್ಲಿಸ್; ಬಾಹ್ ಎಂದರೆ ಅಣ್ಣ. “ನಿಮಗೆ ಪದ ಮರೆತೋಯ್ತು ಅಂದ್ಕೊಂಡೆ. ಚರ್ಚಲ್ಲಿ ಒಬ್ರು ತಡವರಿಸಿದ್ರೆ ಪಕ್ಕದೋರು ಎತ್ಕೋತೀವಿ.”

ಥ್ರಿನಾಳಿಗೆ ಇನ್ನು ತಡೆಯಲಾಗಲಿಲ್ಲ. “ಬಾಹ್ ಹೆಸ್ಪರಸ್, ಬ್ಯಾಂಡ್ ಮುಗೀತಲ್ಲ, ಈಗ ಹೇಳಿ. ಅಲ್ಲಿ ಯಾಕೆ ನಿಲ್ಲಿಸ್ತಿದ್ರಿ?”

ಹೆಸ್ಪರಸ್ ತಲೆ ಕೆರೆದುಕೊಂಡ. “ನಿಜ ಹೇಳಲಾ ಕಾಂಗ್? ನಂಗೂ ಗೊತ್ತಿಲ್ಲ. ಅದಕ್ಕೇ ಮುಂದಕ್ಕೆ ಹಾಕ್ತಿದ್ದೆ. ಇವನ ಭುಜ ಅಲ್ಲಾಡೋದನ್ನ ಕಾಯ್ತಿದ್ದೆ, ಅಷ್ಟೆ.”

“ನನ್ನ ಭುಜಾನಾ?” ಅರ್ವೋತ್ ಟವೆಲ್ ಕೆಳಗಿಟ್ಟ. “ನಿನ್ನ ಕೋಲು ಬೀಳಲಿ ಅಂತ ನಾನು ಕಾಯ್ತಿದ್ದೆನಲ್ಲೋ ಮಾರಾಯ!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಗಾದರೆ ಇಷ್ಟು ವರ್ಷ ಆ ಮೌನವನ್ನು ಮೊದಲು ಮುರಿಯುತ್ತಿದ್ದವರು ಯಾರು? ಗಿಟಾರಿನವನನ್ನು ಕೇಳಿದರೆ, “ನಾನು ತಂತಿ ಸರಿಮಾಡ್ಕೋತಿದ್ದೆ” ಎಂದ. ಅವರು ಅದರ ಮೇಲೆ ಜಗಳಕ್ಕೇ ಬಿದ್ದಾಗ ಗಂಡಹೆಂಡಿರಿಬ್ಬರೂ ಮೆಲ್ಲಗೆ ಹೊರಬಂದರು.

ಇಳಿಜಾರಿನ ದಾರಿಯಲ್ಲಿ ಮನೆಯ ಕಡೆ ನಡೆಯುತ್ತ ಥ್ರಿನಾ ಕೇಳಿದಳು: “ನಿಂಗೆ ಆ ಪದ ಹೇಗೆ ಬಂತು?”

“ನೀನು ಅಡುಗೆಮನೇಲಿ ಹಾಕ್ತೀಯ, ನಾನು ಗೋಡೆ ಈಚೆ ಕೂತಿರ್ತೀನಿ. ಕಿವಿಗೇನು ಬಾಗಿಲಿದೆಯಾ?”

“ಬೇರೆ ಹಾಡೂ ಬರ್ತವಾ?”

“ಕೆಲವು.”

ಅವಳು ನಿಂತು ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಆಮೇಲೆ ಒಂದೊಂದೇ ಹಾಡಿನ ಮೊದಲ ಸಾಲು ಹೇಳಿ ಪರೀಕ್ಷೆಗೆ ಶುರುಮಾಡಿದಳು. ಅವನಿಗೆ ಹೆಚ್ಚುಕಡಿಮೆ ಎಲ್ಲವೂ ಬರುತ್ತಿದ್ದವು. ಆದರೆ ಗೋಡೆಯಾಚೆಯಿಂದ ಸರಿಯಾಗಿ ಕೇಳಿಸದ ಕಡೆ ತನ್ನದೇ ಮಾತು ಸೇರಿಸಿಕೊಂಡಿದ್ದ. ಬ್ಯಾಂಡಿನವರ ಹಾಡಿನಲ್ಲಿ ಪ್ರಿಯತಮೆಗಾಗಿ ಅಳುತ್ತಿದ್ದ ಸೈನಿಕ, ಇವನ ಹಾಡಿನಲ್ಲಿ ಕಳೆದುಹೋದ ಹಂದಿಮರಿಗಾಗಿ ಅಳುತ್ತಿದ್ದ.

ಥ್ರಿನಾಳಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತು, “ಅದನ್ನ ಪೂರ್ತಿ ಹಾಡು ಡಾರಿ ಅಪ್ಪ, ಆ ಹಂದಿಮರಿ ಸಿಕ್ತೋ ಇಲ್ವೋ ನಾನು ತಿಳ್ಕೋಬೇಕು” ಎಂದಳು.