ಪಟ್ಟಿಯ ಕೊನೆಯಲ್ಲಿದ್ದವಳು

ಸಕಲೇಶಪುರದಲ್ಲಿ ನನ್ನದೂ ಅಣ್ಣನದೂ ಸೇರಿ ಕಾಫಿಬೀಜ ಆರಿಸುವ ಒಂದು ಶೆಡ್ಡು ಇದೆ. ವ್ಯಾಪಾರ ಅಣ್ಣನದು, ಕೆಲಸದವರನ್ನು ನೋಡಿಕೊಳ್ಳುವುದು ನನ್ನದು. ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಬೀಜ ಹರಡಿಕೊಂಡು ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದನ್ನೆಲ್ಲ ಬೇರೆ ಮಾಡುತ್ತಾರೆ. ವರ್ಷಗಟ್ಟಲೆ ಇದು ಸುಸೂತ್ರವಾಗಿಯೇ ನಡೆದಿತ್ತು. ಆಮೇಲೆ ನನಗೆ ನಾಯಕಿಯಾಗುವ ಹುಚ್ಚು ಹಿಡಿಯಿತು.

ಹಿಡಿಸಿದ್ದು ಮಾರನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ನಡೆದ ಎರಡು ದಿನದ ನಾಯಕತ್ವ ತರಬೇತಿ. ಯಾರು ಎಷ್ಟು ಕೆಲಸ ಮಾಡುತ್ತಾರೆಂದು ಬರೆದು ಗೋಡೆಗೆ ಅಂಟಿಸಿ, ಕೊನೆಯಲ್ಲಿರುವವರನ್ನು ಮುಲಾಜಿಲ್ಲದೆ ಕೈಬಿಡಿ ಎಂದರು ತರಬೇತುದಾರರು. ನಾನು ಪೆದ್ದಿ, ತಲೆ ಆಡಿಸಿ ಬರೆದುಕೊಂಡೆ.

ಅಂಟಿಸಿದೆ. ವಾರ ವಾರವೂ ಕೊನೆಯಲ್ಲಿ ಬರುತ್ತಿದ್ದುದು ಯಸಳೂರಿನಿಂದ ಬಸ್ಸಿಗೆ ಬರುತ್ತಿದ್ದ, ಎಲ್ಲರೂ ಅಕ್ಕ ಎನ್ನುತ್ತಿದ್ದ ಹಿರಿಯ ಹೆಂಗಸು. ಉಳಿದವರು ಆರಿಸುವುದರ ಅರ್ಧವೂ ಅವಳಿಂದ ಆಗುತ್ತಿರಲಿಲ್ಲ. ಒಂದು ಶನಿವಾರ ಎಲ್ಲರ ಎದುರಿಗೇ, ಸೋಮವಾರದಿಂದ ಬರುವುದು ಬೇಡ ಎಂದೆ. ಅವಳು ಬುತ್ತಿ ಡಬ್ಬಿ ಎತ್ತಿಕೊಂಡು ಹೋದಳು. ನಾಚಿಕೆಗೇಡು, ಅವತ್ತು ನನಗೆ ಹೆಮ್ಮೆಯೇ ಆಗಿತ್ತು.

ತಿಂಗಳು ತುಂಬುವುದರೊಳಗೆ ಕೊಳ್ಳುವವರು ಎರಡು ಸಲ ಸ್ಯಾಂಪಲ್ ವಾಪಸ್ ಕಳಿಸಿದರು. ಹುಳ ಕೊರೆದ ಬೀಜ ಹಾಗೇ ಉಳಿದಿತ್ತು. ನಾನು ಶೆಡ್ಡಿನಲ್ಲಿ ಕೂಗಾಡಿದೆ. ಕೊನೆಗೆ ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದವಳಿಗೆ ತಡೆಯಲಾಗಲಿಲ್ಲ.

"ನಮ್ಮನ್ಯಾಕೆ ಬೈತೀರಿ ಅಮ್ಮೋರೇ? ಅನುಮಾನ ಬಂದ ಬೀಜನೆಲ್ಲ ನಾವು ಅಕ್ಕನ್ ಮೊರಕ್ಕೆ ತಳ್ತಿದ್ವಿ. ಅವ್ರು ಒಂದೊಂದೇ ತಿರುಗ್ಸಿ ನೋಡೋರು. ಅವ್ರನ್ನೇ ಕಳಿಸ್ಬುಟ್ರಲ್ಲ, ಈಗ ಯಾರು ನೋಡ್ತಾರೆ?"

ಅಯ್ಯೋ ದೇವರೇ! ಅವಳು ನಿಧಾನ ಮಾಡಿದ್ದಕ್ಕೇ ಉಳಿದವರ ಕೈ ಬೇಗ ಓಡುತ್ತಿತ್ತು. ನಾನು ಒಂದು ದಿನ ಅವರ ಜೊತೆ ನೆಲಕ್ಕೆ ಕೂತಿದ್ದರೆ ಇದು ಕಾಣುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳನ್ನು ಕರೆಯಲು ಹೋಗುತ್ತೇನೆ ಎಂದಾಗ ಅಣ್ಣ ಸಿಡುಕಿದ. "ಯಜಮಾನಿಯೇ ಆಳಿನ ಮನೆ ಬಾಗಿಲಿಗೆ ಹೋದ್ರೆ ನಾಳೆ ಎಲ್ರೂ ತಲೆ ಮೇಲೆ ಕೂತ್ಕೋತಾರೆ ಕಣೇ."

"ಕೂತ್ಕೊಳ್ಳಲಿ ಬಿಡು. ಖಾಲಿ ತಲೆ, ಜಾಗ ಬೇಕಾದಷ್ಟಿದೆ" ಎಂದು ಯಸಳೂರು ಬಸ್ಸು ಹತ್ತಿದೆ.

ಅವಳು ಅಂಗಳದಲ್ಲಿ ಮೆಣಸು ಹರಡುತ್ತಿದ್ದಳು. ಬಾ ಎನ್ನಲಿಲ್ಲ. "ತಪ್ಪಾಯ್ತು ಅಕ್ಕ, ನೀವಿಲ್ದೆ ಆಗಲ್ಲ" ಎಂದೆ.

"ಇಲ್ಲಿ ಹೇಳಿದ್ರೆ ಏನ್ ಬಂತು? ಎಲ್ರ ಮುಂದೆ ಕಳಿಸಿದ್ರಿ, ಎಲ್ರ ಮುಂದೇನೇ ಹೇಳಿ" ಎಂದಳು. ಮೆಣಸಿನಿಂದ ಕಣ್ಣು ಎತ್ತಲಿಲ್ಲ. "ಇನ್ನೊಂದು ಮಾತೈತೆ. ಇನ್ಮೇಲೆ ಯಾರನ್ನೇ ತೆಗೀಬೇಕಾದ್ರೂ ಜೊತೇಲಿ ಕೂತು ಕೆಲ್ಸ ಮಾಡೋರ್ನ ಮೊದ್ಲು ಕೇಳ್ಬೇಕು. ಒಪ್ಪಿದ್ರೆ ಬತ್ತೀನಿ."

ಒಪ್ಪಿದೆ. ಮಾರನೆಯ ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಪಟ್ಟಿಯನ್ನು ಕಿತ್ತು ಹಾಕಿ, ಅವಳು ಕೇಳಿದ ಹೊಸ ನಿಯಮವನ್ನೂ ಸಾರಿದೆ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಣ್ಣನ ಮುಖ ಕೆಂಪೇರಿತು. "ಶೆಡ್ಡು ನಮ್ದೋ ಇವರದ್ದೋ? ಹೀಗೇ ಆದ್ರೆ ಮೊದಲು ನಿನ್ನನ್ನೇ ಇಲ್ಲಿಂದ ತೆಗೀಬೇಕಾಗುತ್ತೆ!"

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಅವನ ಕಡೆಗೇ ತಿರುಗಿದೆ.

"ತೆಗಿಯಣ್ಣ" ಎಂದೆ. "ಆದ್ರೆ ಮೊದಲು ಇವರನ್ನ ಕೇಳು."